ಕಂಪ್ಯೂಟರಿನೊಳಗೆ ಉಳಿದ ದನಿ

ಕಂಬದ ತುದಿಯಲ್ಲಿ ಗಾಳಿಗೆ ತೂಗಾಡುತ್ತ ತಂತಿ ಬಿಗಿಯುವ ಗಂಡಸು ಮನೆಯ ಮೂಲೆಯಲ್ಲಿದ್ದ ಒಂದು ಡಬ್ಬಕ್ಕೆ ಹೆದರಿದ ಅಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಆ ಬೆಳಿಗ್ಗೆ ಲೈನ್‌ಮ್ಯಾನ್ ಕೂತ ಕುರ್ಚಿಯಲ್ಲಿ ಅವರೇ ಕೂತಿದ್ದರೆ ಆ ನಗು ಎಲ್ಲಿಗೆ ಹೋಗುತ್ತಿತ್ತೋ ನೋಡಬಹುದಿತ್ತು.

ಅವನು ಆಸ್ಪತ್ರೆಯಿಂದ ಮನೆಗೆ ಬಂದದ್ದು ಎರಡು ಕೆಲಸಕ್ಕೆ. ಒಂದು, ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಳ್ಳುವುದು. ಇನ್ನೊಂದು, ಕಂಪ್ಯೂಟರಿನಲ್ಲಿದ್ದ ಹೆಂಡತಿಯ ದನಿಯನ್ನು ಪೆನ್‌ಡ್ರೈವ್‌ಗೆ ತುಂಬಿಸಿಕೊಂಡು ಸಂಜೆಯೊಳಗೆ ಆಸ್ಪತ್ರೆಗೆ ತಲುಪಿಸುವುದು.

ದನಿ ಎಂದರೆ ದನಿಯೇ. ಹೆಂಡತಿಯ ಗಂಟಲಲ್ಲಿ ಗಂಟೊಂದು ಬೆಳೆದು, ಅದು ಕೆಟ್ಟ ಗಂಟೆಂದು ತಿಳಿದು, ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲವೆಂದು ಡಾಕ್ಟರು ಹೇಳಿದಾಗ, ಅದೇ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ದರು. ಆಪರೇಷನ್ನಿಗೆ ಮೊದಲೇ ದಿನಬಳಕೆಯ ಮಾತುಗಳನ್ನೆಲ್ಲ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ಅಂಗೈಯಗಲದ ಯಂತ್ರವೊಂದಕ್ಕೆ ಅವನ್ನು ತುಂಬಿಸಿಕೊಡುತ್ತೇನೆ, ಬೇಕಾದ ಮಾತಿನ ಮೇಲೆ ಬೆರಳಿಟ್ಟರೆ ಅದು ನಿಮ್ಮ ಹಾಗೇ ಮಾತಾಡುತ್ತದೆ ಎಂದಿದ್ದರು. ಹೆಂಡತಿ ಹಟಕ್ಕೆ ಬಿದ್ದವಳಂತೆ ಕೋಣೆಯ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಕೂತಳು. "ನೀರು ಬೇಕು", "ಇಲ್ಲಿ ನೋವಿದೆ", "ಸ್ವಲ್ಪ ಹೊತ್ತು ನನ್ನನ್ನು ಸುಮ್ಮನೆ ಬಿಡಿ". ಮೇಡಂ ಹೇಳಿದ್ದು ಸಾಲದೆಂದು ತನಗೆ ಬೇಕಾದ ಬೈಗುಳಗಳನ್ನೂ ಸೇರಿಸಿದಳು. "ಒದ್ದೆ ಟವೆಲ್ಲು ಮಂಚದ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದು ರೀ?" ಎಂಬುದನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ಒಮ್ಮೆ ಹಲ್ಲು ಕಚ್ಚಿಕೊಂಡು, ಹೀಗೆ ಮೂರು ಬಗೆಯಲ್ಲಿ ಹೇಳಿಟ್ಟಿದ್ದಳು. "ಇನ್ಮೇಲೆ ಬೆರಳಲ್ಲೇ ಬೈತೀನಿ, ಗಂಟಲಿಗೆ ಶ್ರಮ ಇಲ್ಲ" ಎಂದು ಒಡಕು ದನಿಯಲ್ಲಿ ತಮಾಷೆ ಬೇರೆ ಮಾಡಿದ್ದಳು.

ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿಪೆಟ್ಟಿಗೆ ಹೋಯಿತು. ಈಗ ಲೋಕದಲ್ಲಿ ಅವಳ ದನಿ ಎಲ್ಲಾದರೂ ಇದ್ದರೆ ಅದು ಆ ಡಬ್ಬದೊಳಗೆ ಮಾತ್ರ.

ಲೈನ್‌ಮ್ಯಾನ್‌ಗೆ ಅದು ಬರೀ ಹೆಂಡತಿಯ ದನಿಯೂ ಆಗಿರಲಿಲ್ಲ. ವಿದ್ಯುತ್ ಕಚೇರಿಯ ಫೋನಿನ ಮುಂದೆ ಕೂತು ಲೈನ್ ಕ್ಲಿಯರ್ ಕೊಡುತ್ತಿದ್ದವಳು ಅವಳೇ. ಕಂಬದ ಬುಡದಲ್ಲಿ ನಿಂತು ಅವನು ಫೋನು ಮಾಡುತ್ತಿದ್ದ. "ಲೈನ್ ಆಫ್ ಆಗಿದೆ, ಹತ್ತಬಹುದು" ಎಂದು ಆಚೆಯಿಂದ ಅವಳು ಹೇಳಿದ ಮೇಲೆಯೇ ಏಣಿಗೆ ಕಾಲಿಡುತ್ತಿದ್ದ. ಮದುವೆಗೆ ಮೊದಲೂ ಹಾಗೆಯೇ, ಆಮೇಲೂ ಹಾಗೆಯೇ. ಇಷ್ಟು ವರ್ಷ ಮೈಮೇಲೆ ಒಂದು ಸುಟ್ಟ ಕಲೆಯೂ ಇಲ್ಲದೆ ಬದುಕಿ ಬಂದದ್ದು ಆ ದನಿಯನ್ನು ನಂಬಿಕೊಂಡು.

ಬೀಗ ತೆಗೆದ. ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಎತ್ತಿದ. ಅಡುಗೆಮನೆಯ ಫ್ರಿಜ್ಜು ಗೊರಗೊರ ಎಂದಿತು. ಚಪ್ಪಲಿ ಬಿಟ್ಟು ಒಳಕೋಣೆಗೆ ಹೋದವನು ಅಲ್ಲೇ ನಿಂತ. ಕಂಪ್ಯೂಟರಿನ ಪರದೆಗೆ ಅವನದೇ ಬೋರ್ಡು ನೇತುಹಾಕಿತ್ತು. ತಗಡಿನದು, ಕೆಂಪು ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದದ್ದು. "ಮುಟ್ಟಬೇಡಿ. ಲೈನ್ ಮೇಲೆ ಜನ ಇದ್ದಾರೆ."

ಮೊದಲು ಅವನಿಗೆ ನಗು ಬಂತು. ಮರುಗಳಿಗೆ ಆ ನಗು ನಿಂತಿತು.

ಆಸ್ಪತ್ರೆಗೆ ಹೊರಟ ದಿನ ನೆನಪಾಯಿತು. ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಎರಡು ಕೈಯಲ್ಲೂ ಚೀಲ ಹಿಡಿದು ಅವನು ಬಾಗಿಲಿಗೂ ಗೇಟಿಗೂ ಓಡಾಡುತ್ತಿದ್ದ. ಕೋಣೆಯಿಂದ ಹೊರಗೆ ಬರುತ್ತ ಹೆಂಡತಿ ಏನೋ ಹೇಳಿದ್ದಳು. "ಅದೇನೋ ಅಪ್‌ಡೇಟ್ ಆಗ್ತಾ ಇದೆ ರೀ. ಆರಿಸ್ಬಾರ್ದಂತೆ. ಹಾಗೇ ಇರ್ಲಿ." ಅವನು ಹೂಂ ಎಂದಿದ್ದ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಅವಳು ಟ್ಯಾಕ್ಸಿಯಲ್ಲಿ ಕೂತ ಮೇಲೆ ಕೊನೆಯವನಾಗಿ ಹೊರಬಿದ್ದವನು ಅವನು. ಮನೆ ಬಿಟ್ಟು ಹೊರಡುವಾಗ ಮೇನ್ ಇಳಿಸದೆ ಆ ಕೈ ಎಂದೂ ಬೀಗ ಹಾಕಿದ್ದಿಲ್ಲ. ಕೈ ತನ್ನ ಪಾಡಿಗೆ ತಾನು ಹೋಗಿ ಮೇನ್ ಇಳಿಸಿತ್ತು.

ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಬೋರ್ಡನ್ನು ಯಾವಾಗಲೂ ಸ್ವಿಚ್ಚಿಗೆ ಹಾಕಬೇಕು, ಹಾಕಿದವನೇ ಬಂದು ತೆಗೆಯಬೇಕು. ಬೋರ್ಡಿರುವ ಸ್ವಿಚ್ಚನ್ನು ದೊಡ್ಡ ಸಾಹೇಬರೇ ಬಂದರೂ ಮುಟ್ಟುವಂತಿಲ್ಲ. ಹೆಂಡತಿಗೆ ಇದು ಅವನಷ್ಟೇ ಚೆನ್ನಾಗಿ ಗೊತ್ತು. ಗಂಡನ ಹೂಂಕಾರಕ್ಕೆ ಎಷ್ಟು ಬೆಲೆ ಎಂಬುದೂ ಗೊತ್ತಿದ್ದರಿಂದ ಅವನ ಕೆಲಸದ ಚೀಲದಿಂದ ಬೋರ್ಡು ತೆಗೆದು ಕಂಪ್ಯೂಟರಿಗೆ ಹಾಕಿ ಹೋಗಿದ್ದಳು. ಮೇನ್‌ಗೆ ಹಾಕಿದ್ದರೆ ಅವನ ಕೈ ಬೆಂಕಿ ಮುಟ್ಟಿದಂತೆ ಹಿಂದೆ ಸರಿಯುತ್ತಿತ್ತು. ಕಚೇರಿಯಲ್ಲಿ ಇನ್ನೊಬ್ಬರ ಇಂಥ ತಪ್ಪನ್ನು ಫೋನಿನಲ್ಲೇ ಹಿಡಿಯುತ್ತಿದ್ದವಳು, ಮರುದಿನ ಗಂಟಲು ಕೊಯ್ಸಿಕೊಳ್ಳುವ ಭಯದಲ್ಲಿ ತಾನೇ ಆ ತಪ್ಪು ಮಾಡಿದ್ದಳು. ಅದಕ್ಕೆ ಅವಳನ್ನು ಹೇಗೆ ತಾನೇ ಅನ್ನುವುದು? ಕಿವಿ ಇದ್ದೂ ಕೇಳದವನು ಅವನು.

ಬೋರ್ಡು ಪಕ್ಕಕ್ಕಿಟ್ಟು ಗುಂಡಿ ಒತ್ತಿದ. ಡಬ್ಬದೊಳಗೆ ಫ್ಯಾನು ತಿರುಗಿತು. ಕಂಪನಿಯ ಗುರುತು ಮೂಡಿತು. ಬದುಕಿತು ಎಂದುಕೊಳ್ಳುವಷ್ಟರಲ್ಲಿ ಪರದೆ ಪೂರ್ತಿ ನೀಲಿಯಾಗಿ, ನಡುವೆ ಒಂದು ಸಪ್ಪೆ ಮುಖ ಕಾಣಿಸಿಕೊಂಡಿತು. ನಿಮ್ಮ ಕಂಪ್ಯೂಟರಿಗೆ ತೊಂದರೆಯಾಗಿದೆ, ಮತ್ತೆ ಶುರು ಮಾಡುತ್ತೇವೆ ಎಂದಿತು. ಶುರು ಮಾಡಿತು. ಮತ್ತೆ ನೀಲಿ, ಮತ್ತೆ ಆ ಮುಖ. ಅವನು ನೋಡುತ್ತ ಕೂತ. ಅದು ಸಾಯುತ್ತ, ಏಳುತ್ತ, ಮತ್ತೆ ಸಾಯುತ್ತ ಇತ್ತು. ಸಾವಿರಾರು ವೋಲ್ಟಿನ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿ ತಿಂದ ಮನುಷ್ಯನಿಗೆ ಆ ಗುಂಡಿಯನ್ನು ಇನ್ನೊಮ್ಮೆ ಒತ್ತುವ ಧೈರ್ಯ ಬರಲಿಲ್ಲ. ಒತ್ತಿದರೆ ಇನ್ನೇನು ಅಳಿಸಿಹೋಗುತ್ತದೋ, ಒತ್ತದಿದ್ದರೆ ಏನು ಅಳಿಸಿಹೋಗುತ್ತಿದೆಯೋ.

ಭಾಮೈದನಿಗೆ ಫೋನು ಮಾಡಿದ.

ಹೆಂಡತಿಯ ತಮ್ಮನನ್ನು ಮನೆಯವರೆಲ್ಲ ತಜ್ಞ ಎಂದೇ ಕರೆಯುವುದು. ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ನಲ್ಲಿಯಿಂದ ಹಿಡಿದು ನರರೋಗದವರೆಗೆ ಅವನ ಬಳಿ ಸಲಹೆ ಇಲ್ಲದ ವಿಷಯವಿಲ್ಲ. ಆದರೆ ಕಂಪ್ಯೂಟರ್ ಕೊಡಿಸಿದವನು, ಅಕ್ಕನಿಗೆ ಮೈಕು ಜೋಡಿಸಿ ರೆಕಾರ್ಡಿಂಗ್ ಕಲಿಸಿಕೊಟ್ಟವನು ಅವನೇ. ಅಂಗಡಿಯನ್ನು ಕೆಲಸದವನಿಗೆ ಬಿಟ್ಟು ಬೈಕಿನಲ್ಲಿ ಹಾರಿ ಬಂದ. ಬಂದವನು ಎಂದಿನಂತೆ ಬಾಗಿಲಿನಿಂದಲೇ ಶುರು ಮಾಡಿದ.

"ಏನಿಲ್ಲ ಭಾವ, ಹೆದರ್ಕೋಬೇಡಿ. ಇಂಥವು ದಿನಾ ನೋಡ್ತೀನಿ."

"ಹೆದರಿಲ್ಲ ಕಣೋ. ನೋಡು ಮೊದ್ಲು."

ಹೆದರಿಲ್ಲ ಎಂದವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ತಜ್ಞ ಪ್ರಿಂಟರಿನ ವಯರು ಕಿತ್ತ, ಮೈಕು ಕಿತ್ತ, ಇಣುಕಿ ನೋಡಿ ಇನ್ನೇನೋ ಕಿತ್ತ. ಮತ್ತೆ ಗುಂಡಿ ಒತ್ತಿದ. ನೀಲಿ. ಕೀಲಿಮಣೆಯ ಮೇಲಿನ ಸಾಲನ್ನು ಬಡಬಡ ಬಡಿದ. ಈ ಸಲ ಬೇರೆ ಬಗೆಯ ನೀಲಿ ಬಂತು. "ತಾನೇ ರಿಪೇರಿ ಮಾಡ್ಕೊಳ್ಳುತ್ತಂತೆ ಭಾವ, ನೋಡಿ!" ಎಂದು ಹಿಗ್ಗಿದ. ಬಿಳಿ ಚುಕ್ಕೆಗಳು ಸುತ್ತಿದವು. ಇಬ್ಬರೂ ಕಾದರು. ರಿಪೇರಿ ಮಾಡಲಾಗಲಿಲ್ಲ ಎಂದು ಬಂತು. ತಜ್ಞ ಅದನ್ನು ಓದಿ ಹೇಳಲಿಲ್ಲ, ಮುಖ ಹುಳ್ಳಗಾದದ್ದರಲ್ಲೇ ಲೈನ್‌ಮ್ಯಾನ್‌ಗೆ ಅರ್ಥವಾಯಿತು.

ಆಮೇಲೆ ತಜ್ಞನ ಬಾಯಿ ಮುಚ್ಚಿಕೊಂಡಿತು. ಅದು ಮುಚ್ಚಿದ್ದನ್ನು ಆ ಮನೆಯಲ್ಲಿ ಯಾರೂ ಕಂಡವರಲ್ಲ. ಲೈನ್‌ಮ್ಯಾನ್‌ಗೆ ನಿಜವಾದ ಭಯ ಹುಟ್ಟಿದ್ದು ಆಗಲೇ. ತಜ್ಞ ಏನೇನೋ ಒಳಪುಟಗಳಿಗೆ ಹೋಗಿ ಬಂದ, ಕೊನೆಗೆ ಒಂದು ಕಡೆ ನಿಂತ.

"ಇನ್ನು ರೀಸೆಟ್ ಒಂದೇ ದಾರಿ, ಭಾವ. ಹೊಸದಾಗಿ ಮಾಡ್ಬಿಡುತ್ತೆ."

"ಹೊಸದಾಗಿ ಅಂದ್ರೆ?"

"ಹೊಸದಾಗಿ ಅಂದ್ರೆ... ತಂದಾಗ ಇತ್ತಲ್ಲ, ಹಾಗೆ."

"ತಂದಾಗ ಇದ್ರಲ್ಲಿ ನಿಮ್ಮಕ್ಕ ಇದ್ಲೇನೋ?"

"ಫೈಲೆಲ್ಲ ಉಳಿಸ್ಕೋ ಅಂತಾನೂ ಒಂದು ಇದೆ. ಅದನ್ನ ಒತ್ತೋಣ." ಬೆರಳು ಮೌಸಿನ ಮೇಲಿತ್ತು. ಲೈನ್‌ಮ್ಯಾನ್ ಅವನ ಮಣಿಕಟ್ಟು ಹಿಡಿದುಕೊಂಡ. ಹಗ್ಗ ಎಳೆದೆಳೆದು ಜಡ್ಡುಗಟ್ಟಿದ ಕೈ ಅದು, ಹಿಡಿದರೆ ಬಿಡಿಸಿಕೊಳ್ಳುವುದು ಸುಲಭವಲ್ಲ.

"ಎಲ್ಲಿಟ್ಟಿದ್ದಾಳೆ ಅಂತ ಗೊತ್ತಾ ನಿಂಗೆ?"

"ಒಳಗೇ ಎಲ್ಲೋ... ಅವಳ ಫೋಲ್ಡರಲ್ಲಿ ಇರ್ಬೇಕು, ಇಲ್ಲಾಂದ್ರೆ..."

"ಗೊತ್ತೋ ಗೊತ್ತಿಲ್ವೋ?"

"ಗೊತ್ತಿಲ್ಲ."

"ಬೇರೆ ಕಡೆ ಇಟ್ಟಿದ್ರೆ ಉಳಿಯುತ್ತಾ?"

ತಜ್ಞ ಮೌಸು ಬಿಟ್ಟ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ಕಾಪಿ ನಾನೇ ಮಾಡ್ಕೊಡ್ತೀನಿ, ನೀನು ತಲೆ ಕೆಡಿಸ್ಕೋಬೇಡ ಅಂತ ಅಕ್ಕಂಗೆ ಹೇಳಿದ್ದೆ, ಭಾವ. ಇವತ್ತು ಮಾಡ್ತೀನಿ ನಾಳೆ ಮಾಡ್ತೀನಿ ಅಂತ ತಳ್ತಾ ಬಂದೆ. ಅವಳು ಫೋನ್ ಮಾಡಿದ್ರೆ ಆಯ್ತು ಬರ್ತೀನಿ ಅಂತಿದ್ದೆ."

ಲೈನ್‌ಮ್ಯಾನ್ ಕೈ ಸಡಿಲಿಸಿದ. ಬೈಯೋಣವೆಂದರೆ ತನ್ನ ಹೂಂ ಅಡ್ಡ ಬಂತು. ಇಬ್ಬರೂ ಕಳ್ಳರ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು.

ಕೊನೆಗೆ ತಜ್ಞನೇ ಮೂಗು ಒರೆಸಿಕೊಂಡು ಇನ್ನೊಂದು ಪುಟ ತೆರೆದ. ಅರ್ಧಕ್ಕೆ ನಿಂತ ಅಪ್‌ಡೇಟನ್ನೇ ತೆಗೆದುಹಾಕುವುದಕ್ಕೆ ಅಲ್ಲೊಂದು ದಾರಿ ಇತ್ತು. ಅದು ಬೇರೇನನ್ನೂ ಮುಟ್ಟುವುದಿಲ್ಲ, ಆಗಿದ್ದನ್ನಷ್ಟೇ ಬಿಚ್ಚುತ್ತದೆ ಎಂದ. ಎಷ್ಟು ಖಾತ್ರಿ ಎಂದು ಲೈನ್‌ಮ್ಯಾನ್ ಕೇಳಿದ. ಅಂಗಡಿಯಲ್ಲಿ ಒಂದು ಸಲ ಮಾಡಿ ಗೆದ್ದಿದ್ದೇನೆ ಎಂದ. ಲೈನ್‌ಮ್ಯಾನ್ ಕಣ್ಣು ಮುಚ್ಚಿ ತಲೆಯಾಡಿಸಿದ. ತಜ್ಞ ಒತ್ತಿದ. ಪರದೆಯಲ್ಲಿ ಚುಕ್ಕೆಗಳು ಸುತ್ತತೊಡಗಿದವು. ಅವುಗಳ ಕೆಳಗೆ ಎರಡು ಸಾಲು: ಸ್ವಲ್ಪ ಹೊತ್ತು ಹಿಡಿಯಬಹುದು. ಕಂಪ್ಯೂಟರ್ ಆರಿಸಬೇಡಿ.

"ಈಗ ಕರೆಂಟು ಹೋದ್ರೆ?" ಎಂದು ಲೈನ್‌ಮ್ಯಾನ್ ಕೇಳಿದ.

"ಬಿಡ್ತು ಅನ್ನಿ, ಭಾವ. ಅರ್ಧದಲ್ಲಿ ಅರ್ಧ ಆಗುತ್ತೆ. ಆಮೇಲೆ ನಾನಲ್ಲ, ನಮ್ಮಪ್ಪ ಬಂದ್ರೂ ಆಗಲ್ಲ."

ಲೈನ್‌ಮ್ಯಾನ್ ಎದ್ದು ಹೋಗಿ ಮೇನ್ ಸ್ವಿಚ್ಚಿನ ಪಕ್ಕ ನಿಂತುಕೊಂಡ. ಯಾರೋ ಬಂದು ಇಳಿಸಿಬಿಡುತ್ತಾರೆ ಎಂಬಂತೆ ಕಾವಲು ನಿಂತ. ತನ್ನ ಕೈಯನ್ನೇ ತಾನು ನಂಬದೆ ಎರಡೂ ಕೈಯನ್ನು ಕಂಕುಳಲ್ಲಿಟ್ಟುಕೊಂಡಿದ್ದ. ಒಳಗಿನಿಂದ ತಜ್ಞ ಆಗಾಗ ಕೂಗಿ ಹೇಳುತ್ತಿದ್ದ. ಸುತ್ತುತ್ತಿದೆ. ಇನ್ನೂ ಸುತ್ತುತ್ತಿದೆ. ಲೈನ್‌ಮ್ಯಾನ್‌ನ ನಾಲಿಗೆ ಒಣಗಿತ್ತು, ಆದರೆ ನೀರು ಕುಡಿಯಲು ಅಡುಗೆಮನೆಗೆ ಹೋಗಲೂ ಹೆದರಿಕೆ.

ಮಧ್ಯಾಹ್ನ ಕಳೆದ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಚೇರಿಯಿಂದ ಮೇಸ್ತ್ರಿ.

"ನೀನು ಆಸ್ಪತ್ರೇಲಿರ್ತೀಯ ಅಂತ ಗೊತ್ತಪ್ಪ, ಆದ್ರೂ ಕೇಳ್ತಿದ್ದೀನಿ. ಅಕಸ್ಮಾತ್ ಮನೆ ಹತ್ರ ಏನಾದ್ರೂ ಇದ್ದೀಯಾ? ನಿಮ್ಮ ಬೀದಿ ಕೊನೇಲಿ, ಟೈಲರ್ ಅಂಗಡಿ ಎದುರು ತಂತಿ ಹರಿದು ರಸ್ತೆ ಮೇಲೆ ಬಿದ್ದಿದೆಯಂತೆ. ಫ್ಯೂಸ್ ಹಾರಿಲ್ಲ. ಕಿಡಿ ಬರ್ತಾ ಇದೆಯಂತೆ. ನಮ್ಮ ಗಾಡಿ ಇಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಿದೆ. ಶಾಲೆ ಬಿಡೋ ಹೊತ್ತು ಕಣೋ."

ಆ ಬೀದಿಯ ಟ್ರಾನ್ಸ್‌ಫಾರ್ಮರಿನ ಸ್ವಿಚ್ಚು ಇಳಿಸಿದರೆ ತಂತಿ ಸಾಯುತ್ತದೆ. ಇಡೀ ಬೀದಿಯೂ ಆರುತ್ತದೆ, ಅವನ ಮನೆಯೂ ಸೇರಿ.

ಲೈನ್‌ಮ್ಯಾನ್ ಒಳಕೋಣೆಯ ಕಡೆ ನೋಡಿದ. ಅವನು ಆಸ್ಪತ್ರೆಯಲ್ಲಿದ್ದಾನೆಂದೇ ಎಲ್ಲರೂ ತಿಳಿದಿದ್ದರು. ಹೌದಣ್ಣ, ಆಸ್ಪತ್ರೆಯಲ್ಲಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಾತು ಅವನ ಗಂಟಲಿನ ತನಕ ಬಂದಿತ್ತು. ಅದು ಬಂದದ್ದು ಕಂಡು ತನ್ನ ಬಗ್ಗೆಯೇ ಅವನಿಗೆ ಭಯವಾಯಿತು. ಹರಿದ ತಂತಿ ಏನು ಮಾಡುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಅದನ್ನು ಒಮ್ಮೆ ನೋಡಿದವನು ಮತ್ತೆ ಮರೆಯುವುದಿಲ್ಲ.

"ಮನೇಲೇ ಇದ್ದೀನಿ," ಎಂದ. "ಹೋಗ್ತೀನಿ."

ಕೋಣೆಗೆ ನುಗ್ಗಿ ಚೀಲದಿಂದ ರಬ್ಬರ್ ಕೈಗವಸು ತೆಗೆದ, ಮೇಜಿನ ಮೇಲಿದ್ದ ಬೋರ್ಡನ್ನು ಎತ್ತಿಕೊಂಡ. "ಬೀದೀಲಿ ತಂತಿ ಹರಿದು ಬಿದ್ದಿದೆ, ಲೈನ್ ಆಫ್ ಮಾಡ್ಬೇಕು" ಎಂದಷ್ಟಕ್ಕೇ ತಜ್ಞನಿಗೆ ಎಲ್ಲ ಗೊತ್ತಾಯಿತು. ಅವನು ಬಾಗಿಲಿಗೆ ಅಡ್ಡ ನಿಂತ.

"ಭಾವ, ಐದು ನಿಮಿಷ! ಆಗ್ತಾ ಬಂದಿದೆ, ನೋಡಿ, ಸುತ್ತೋದು ನಿಧಾನ ಆಗಿದೆ. ಐದೇ ನಿಮಿಷ. ಅಕ್ಕನ ದನಿ, ಭಾವ!"

"ದಾರಿ ಬಿಡೋ."

"ನಿಮ್ಮ ಕೈಯಾರೆ ಮಾಡ್ತೀರಾ?"

"ಶಾಲೆ ಬಿಡುತ್ತೆ ಕಣೋ," ಎಂದ ಲೈನ್‌ಮ್ಯಾನ್. ತಜ್ಞ ಪಕ್ಕಕ್ಕೆ ಸರಿದ.

ಅವನು ಓಡಿದ. ಹಿಂದೆ ತಿರುಗಿ ಆ ಚುಕ್ಕೆಗಳನ್ನು ನೋಡಲಿಲ್ಲ, ನೋಡಿದ್ದರೆ ಕಾಲು ನಿಲ್ಲುತ್ತಿತ್ತು. ಬೀದಿಯ ಕೊನೆಯಲ್ಲಿ ಜನ ಗುಂಪುಗೂಡಿದ್ದರು. ತಂತಿ ರಸ್ತೆಗೆ ಅಡ್ಡ ಬಿದ್ದು ತುದಿಯಲ್ಲಿ ಚಿಟಿಚಿಟಿ ಎನ್ನುತ್ತಿತ್ತು, ಮಣ್ಣು ಸುಟ್ಟ ವಾಸನೆ. ಒಬ್ಬ ಮಹಾಶಯರು ಮನೆಯಿಂದ ಪೊರಕೆ ತಂದು ಅದರ ಹಿಡಿಯಿಂದ ತಂತಿಯನ್ನು ಪಕ್ಕಕ್ಕೆ ಸರಿಸುವ ಸಮಾಜಸೇವೆಗೆ ಸಿದ್ಧರಾಗಿದ್ದರು. ಲೈನ್‌ಮ್ಯಾನ್ ಅವರಿಗೆ ಕೂಗಿ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಪೊರಕೆ ಕೆಳಗೆ ಬಿತ್ತು. ಆ ಕಡೆ ತಿರುವಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಮೊದಲ ಮಕ್ಕಳು ಕಾಣಿಸಿಕೊಂಡಿದ್ದರು.

ಟ್ರಾನ್ಸ್‌ಫಾರ್ಮರಿನ ಕಂಬಕ್ಕೆ ಹೋಗಿ ಸ್ವಿಚ್ಚಿನ ಉದ್ದನೆಯ ಹಿಡಿಗೆ ಕೈ ಹಾಕಿದ. ಒಂದು ಗಳಿಗೆ, ಒಂದೇ ಗಳಿಗೆ, ಕೈ ಅಲ್ಲೇ ನಿಂತಿತು. ಆಮೇಲೆ ಮೈಭಾರವನ್ನೆಲ್ಲ ಹಾಕಿ ಕೆಳಗೆಳೆದ. ಮೇಲೆ ಖಟ್ಟೆಂದು ಸದ್ದಾಯಿತು. ಟ್ರಾನ್ಸ್‌ಫಾರ್ಮರಿನ ಗುಂಯ್ ಎಂಬ ಸದ್ದು ನಿಂತಿತು. ಟೈಲರ್ ಅಂಗಡಿಯ ಮಷಿನ್ನು ನಿಂತಿತು. ಬೀದಿಗೆ ಬೀದಿಯೇ ಒಮ್ಮೆಗೇ ಸುಮ್ಮನಾಯಿತು. ಅದೇ ಗಳಿಗೆಯಲ್ಲಿ ತನ್ನ ಮನೆಯ ಒಳಕೋಣೆಯಲ್ಲಿ ಏನಾಯಿತು ಎಂಬುದನ್ನು ಅವನು ನೋಡದೆಯೇ ಕಂಡ. ಬೋರ್ಡನ್ನು ಸ್ವಿಚ್ಚಿನ ಹಿಡಿಗೆ ನೇತುಹಾಕಿ ಅಲ್ಲೇ ಕಂಬಕ್ಕೆ ಒರಗಿ ನಿಂತ.

ಮಕ್ಕಳು ತಂತಿಯನ್ನು ದಾಟಿಕೊಂಡು ಹೋದರು. ಒಬ್ಬಳು ಅದನ್ನು ಹಗ್ಗದಾಟದಂತೆ ಜಿಗಿದೂ ಹೋದಳು. ಸತ್ತ ತಂತಿಯಾದರೂ ಜಿಗಿಯಬಾರದು ಎಂದು ಅವಳನ್ನು ಗದರಿಸುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಜ್ಞ ನಡೆದುಕೊಂಡು ಬಂದ. "ಆರ್ಹೋಯ್ತು ಭಾವ," ಎಂದ. "ಪೂರ್ತಿ ಕಪ್ಪು." ಕಂಬದ ಇನ್ನೊಂದು ಬದಿಗೆ ಅವನೂ ಒರಗಿ ನಿಂತ.

ಆಸ್ಪತ್ರೆಯಲ್ಲಿದ್ದವಳಿಗೆ ಏನು ಹೇಳುವುದು ಎಂದು ಇಬ್ಬರೂ ಯೋಚಿಸುತ್ತಿದ್ದರು. ಲೈನ್‌ಮ್ಯಾನ್‌ಗೆ ಅವಳ ಮುಖ ಕಣ್ಮುಂದೆ ಬಂತು. ಆಪರೇಷನ್ ಆದ ಮೇಲೆ ಎಚ್ಚರವಾದಾಗ ಅವಳು ಬಾಯಿ ತೆರೆದು, ಏನೂ ಬರದೆ, ಮತ್ತೆ ಮುಚ್ಚಿಕೊಂಡಿದ್ದಳು. ಆಮೇಲೆ ಒಂದು ಬೆರಳು ಎತ್ತಿ ಗಾಳಿಯಲ್ಲಿ ಗುಂಡಿ ಒತ್ತುವಂತೆ ತೋರಿಸಿದ್ದಳು. ಯಂತ್ರ ಬರುತ್ತದಲ್ಲ, ಚಿಂತೆಯಿಲ್ಲ ಎಂದು ಅವನಿಗೇ ಸಮಾಧಾನ ಹೇಳಿದ್ದಳು.

ಗಾಡಿ ಬಂತು. ಮೇಸ್ತ್ರಿ ಇಳಿದು ಬೋರ್ಡು ನೋಡಿ, ಏಣಿಗೆ ಕೈಹಾಕುವ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಕೇಳಿದ.

"ಸತ್ತಿದೆಯಾ?"

"ಸತ್ತಿದೆ. ಹತ್ತು."

ಅಷ್ಟು ಹೇಳಿದವನು ಬಾಯಿ ತೆರೆದುಕೊಂಡೇ ನಿಂತುಬಿಟ್ಟ. ಜೀವವಿರುವ ಲೈನನ್ನು ಮುಟ್ಟಬಾರದು ಎಂಬುದು ಅವನಿಗೆ ಅನ್ನದಷ್ಟು ಪರಿಚಿತ. ಮೊದಲು ಸಾಯಿಸು, ಆಮೇಲೆ ಕೈಹಾಕು. ಬೆಳಿಗ್ಗೆಯಿಂದ ಇಬ್ಬರೂ ಮಾಡಿದ್ದೇನು? ಓಡುವ ಯಂತ್ರದ ಮೇಲೆಯೇ ಕೈಯಾಡಿಸುತ್ತ, ಮತ್ತೆ ಮತ್ತೆ ಎಬ್ಬಿಸುತ್ತ, ಮತ್ತೆ ಮತ್ತೆ ಹೆದರುತ್ತ ಕೂತಿದ್ದರು.

"ಏ, ತಜ್ಞ. ಡಬ್ಬ ಈಗ ಸತ್ತಿದೆ ತಾನೇ? ಈಗ ಬಿಚ್ಚಿದ್ರೆ ಏನೂ ಆಗಲ್ಲ ತಾನೇ? ಅವಳ ದನಿ ಅದ್ರೊಳಗೆ ಯಾವ ಭಾಗದಲ್ಲಿ ಕೂತಿರುತ್ತೆ?"

"ಹಾರ್ಡ್ ಡಿಸ್ಕಲ್ಲಿ..." ಎಂದ ತಜ್ಞ. ಎಂದವನ ಕಣ್ಣು ಅಗಲವಾಯಿತು. ತನ್ನ ಹಣೆಗೆ ತಾನೇ ಫಟ್ಟನೆ ಹೊಡೆದುಕೊಂಡ. "ಬಿಚ್ಚಿ ತೆಗ್ದು ಅಂಗಡಿ ಮಷಿನ್ನಿಗೆ ಹಾಕಿದ್ರೆ ಓದುತ್ತೆ, ಭಾವ! ಗಿರಾಕಿಗಳಿಗೆ ಮಾಡ್ಕೊಟ್ಟಿದ್ದೀನಿ! ಕಾಪಿ ಮಾಡದ ತಪ್ಪು ತಲೇಲಿ ಕೂತು ಬುದ್ಧಿನೇ ಓಡ್ಲಿಲ್ಲ ನೋಡಿ, ಥತ್!"

"ಹೆಚ್ಚು ಖುಷಿಪಡ್ಬೇಡ. ಉಳಿದಿದ್ರೆ ತಾನೇ?"

"ಉಳಿದಿದ್ರೆ," ಎಂದು ತಜ್ಞನೂ ತಣ್ಣಗಾದ. "ಅರ್ಧದಲ್ಲಿ ಎರಡು ಸಲ ಆರಿದೆ. ಹೇಳೋಕಾಗಲ್ಲ. ಬನ್ನಿ, ಹೋಗೋಣ."

ಲೈನ್‌ಮ್ಯಾನ್ ಬೋರ್ಡಿನ ಕಡೆ ನೋಡಿದ. ಮೇಲೆ ಮೇಸ್ತ್ರಿ ತಂತಿಗೆ ಕೈಹಾಕಿದ್ದ. ಬೋರ್ಡು ಹಾಕಿದವನು ಅಲ್ಲಿಂದ ಕದಲುವಂತಿರಲಿಲ್ಲ.

"ನೀನು ಹೋಗು," ಎಂದ.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಅವನನ್ನು ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ. ಕಂಬದ ಬುಡದಲ್ಲಿ ಫೋನು ಹಿಡಿದು ನಿಂತಿದ್ದ. ತಜ್ಞ ಮನೆ ತಲುಪಿರುತ್ತಾನೆ. ಈಗ ಬಿಚ್ಚುತ್ತಿರುತ್ತಾನೆ. ಅವಸರದಲ್ಲಿ ಕೈಜಾರಿ ಕೆಳಗೆ ಬೀಳಿಸಿದರೆ? ಬೈಕಿನಲ್ಲಿ ಜೇಬಿನಿಂದ ಬಿದ್ದರೆ? ಅಂಗಡಿಯ ಮಷಿನ್ನು ಅದನ್ನು ಗುರುತಿಸದೆ, ಇದರಲ್ಲೇನೂ ಇಲ್ಲ ಎಂದುಬಿಟ್ಟರೆ? ಎಲ್ಲ ದೇವರಿಗೂ ಒಂದು ಸುತ್ತು ಕೈಮುಗಿದು, ಯಾರೂ ಬಿಟ್ಟುಹೋಗಬಾರದೆಂದು ಇನ್ನೊಂದು ಸುತ್ತು ಮುಗಿದ. ಕೆಳಗಿಂದ ಸಾಮಾನು ಕೊಡು ಎಂದು ಮೇಸ್ತ್ರಿ ಕೂಗಿದರೆ ಯಾವುದೋ ಬೇರೆ ಸಾಮಾನು ಕೊಟ್ಟು ಬೈಸಿಕೊಂಡ.

ಫೋನು ಬಡಿದುಕೊಂಡಿತು. ತಜ್ಞನ ಹೆಸರು. ಬೆರಳು ಎರಡು ಸಲ ಜಾರಿತು. ಕಿವಿಗಿಟ್ಟುಕೊಂಡ.

ಆಚೆಯಿಂದ ಮಾತಿಲ್ಲ. ಬರೀ ಝೆರಾಕ್ಸ್ ಮಷಿನ್ನಿನ ಸದ್ದು. ಯಾರೋ ಮೂಗು ಎಳೆದುಕೊಂಡ ಸದ್ದು. ಆಗ ಅವಳು ಮಾತಾಡಿದಳು.

"ಕಿಟಕಿ ತೆಗೆಯಿರಿ. ಸ್ವಲ್ಪ ಗಾಳಿ ಬರಲಿ."

ಪಾಠ ಒಪ್ಪಿಸುವಂತೆ, ಅಕ್ಷರ ಬಿಡಿಸಿ ಬಿಡಿಸಿ ಹೇಳಿದ್ದಳು. ಒಡಕು ಇನ್ನೂ ಹೆಚ್ಚಾಗಿರದ ಮೊದಮೊದಲ ದಿನಗಳ ದನಿ. ಕಂಬದ ಬುಡದಲ್ಲಿ, ಫೋನಿನಲ್ಲಿ, ಎಂದಿನ ಹಾಗೆ. ಲೈನ್‌ಮ್ಯಾನ್ ನಿಂತಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡ. ಮೇಲಿನಿಂದ ಮೇಸ್ತ್ರಿ, "ಏನಾಯ್ತೋ? ಕೆಟ್ಟ ಸುದ್ದಿನಾ?" ಎಂದು ಕೂಗಿದ. ಅವನು ಇಲ್ಲ ಎಂದು ಕೈಯಾಡಿಸಿದ.

"ಎಲ್ಲಾ ಇದೆ ಭಾವ," ತಜ್ಞ ಅಳುತ್ತ ಹೇಳುತ್ತಿದ್ದ. "ಟವೆಲ್ಲಿನ ಬೈಗುಳ ಮೂರೂ ಇದೆ."

ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದರು. ತಜ್ಞ ಅಂಗಡಿಯಲ್ಲಿದ್ದ ಪೆನ್‌ಡ್ರೈವುಗಳಿಗೆಲ್ಲ ಕಾಪಿ ಮಾಡಿ ಎಲ್ಲ ಜೇಬಿನಲ್ಲೂ ತುಂಬಿಕೊಂಡಿದ್ದ. ಮೇಡಂ ಒಂದನ್ನು ತೆಗೆದುಕೊಂಡು, ಉಳಿದವನ್ನು ಯಾಕೆ ತೋರಿಸುತ್ತಿದ್ದಾನೆಂದು ತಿಳಿಯದೆ ಅವನ ಮುಖ ನೋಡಿದರು. ನಾಳೆ ಬೆಳಿಗ್ಗೆ ಯಂತ್ರ ಸಿದ್ಧವಾಗುತ್ತದೆ ಎಂದರು.

ಹೆಂಡತಿ ದಿಂಬಿಗೆ ಒರಗಿ ಕೂತಿದ್ದಳು, ಕೊರಳಿಗೆ ಬಿಳಿ ಪಟ್ಟಿ. ಲೈನ್‌ಮ್ಯಾನ್ ಮಂಚದ ಅಂಚಿನಲ್ಲಿ ಕೂತು ಏನೊಂದನ್ನೂ ಮುಚ್ಚಿಡದೆ ಹೇಳಿದ. ತನ್ನ ಹೂಂ, ಮೇನ್ ಇಳಿಸಿದ ಕೈ, ಬೋರ್ಡು, ನೀಲಿ ಪರದೆ. ಅವಳು ಕಣ್ಣು ದೊಡ್ಡದು ಮಾಡಿ ಕೇಳಿದಳು. ಬೋರ್ಡಿನ ಮಾತು ಬಂದಾಗ ತಾನೇ ಹಣೆ ಚಚ್ಚಿಕೊಂಡಳು. ತಂತಿಯ ಮಾತು ಬಂದಾಗ ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಸ್ವಿಚ್ಚು ಇಳಿಸಿದೆ ಎಂದಾಗ ಸರಿ ಎಂಬಂತೆ ತಲೆಯಾಡಿಸಿದಳು. ಆಮೇಲೆ ಅವನು ಪೊರಕೆ ಹಿಡಿದ ಮಹಾಶಯರ ಕಥೆಗೆ ಬಂದ. ಅವರು ನಿಂತ ಭಂಗಿಯನ್ನು ಎದ್ದು ನಿಂತು ತೋರಿಸಿದ. ಅವಳು ನಕ್ಕಳು.

ಅವಳು ನಕ್ಕರೆ ಕಚೇರಿಯಲ್ಲಿ ಮಹಡಿಯ ಮೇಲಿನ ಇಂಜಿನಿಯರು ಇಣುಕಿ ನೋಡುತ್ತಿದ್ದರು, ಅಂಥ ನಗು ಅದು. ಈಗಲೂ ಹಾಗೆಯೇ ನಕ್ಕಳು. ತಲೆ ಹಿಂದಕ್ಕೆ ಹೋಯಿತು, ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಇಲ್ಲ. ಕೊರಳ ಪಟ್ಟಿಯ ಹತ್ತಿರ ಒಂದಿಷ್ಟು ಗಾಳಿ ಆಡಿದ್ದು ಕೇಳಿತು, ಅಷ್ಟೇ.

ಲೈನ್‌ಮ್ಯಾನ್ ಪೊರಕೆ ಹಿಡಿದ ಭಂಗಿಯಲ್ಲೇ ನಿಂತುಬಿಟ್ಟ. ನೀರು ಬೇಕು ಎಂಬುದಿತ್ತು, ನೋವಿದೆ ಎಂಬುದಿತ್ತು, ಕಿಟಕಿ, ಟವೆಲ್ಲು, ಎಲ್ಲ ಇತ್ತು. ನಗುವನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಮೇಡಂಗೆ ಹೊಳೆದಿರಲಿಲ್ಲ, ತಜ್ಞನಿಗೆ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಎಷ್ಟೋ ವರ್ಷ ಪಕ್ಕದಲ್ಲಿ ಕೂತು ಕೇಳಿದ ಅವನಿಗೂ ಹೊಳೆದಿರಲಿಲ್ಲ. ಬೆಳಿಗ್ಗೆಯಿಂದ ಕಳೆದುಹೋಗುತ್ತದೆಂದು ಹೆದರಿ ಸತ್ತಿದ್ದು ಜೇಬಿನಲ್ಲಿ ಭದ್ರವಾಗಿತ್ತು. ಹೋದದ್ದು ಇದು, ಹೋದದ್ದೇ ಯಾರಿಗೂ ತಿಳಿದಿರಲಿಲ್ಲ.

ಅವಳು ಅವನ ಮುಖ ನೋಡಿದಳು. ಏನಾಯಿತೆಂದು ಅವಳಿಗೆ ಹೇಳಬೇಕಾಗಲಿಲ್ಲ. ಅವನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆ ಜಡ್ಡುಗಟ್ಟಿದ ಅಂಗೈಯನ್ನು ತನ್ನ ಬೆನ್ನ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಗಾಳಿಯಲ್ಲಿ ಪೊರಕೆ ಹಿಡಿದು ತೋರಿಸಿದಳು. ಹೇಳಿ, ಮುಂದಕ್ಕೆ ಹೇಳಿ.

ಅವನು ಮೂಗು ಒರೆಸಿಕೊಂಡು ಹೇಳಿದ. ಮೊದಲು ಬಿಟ್ಟಿದ್ದ ಬೈಗುಳವನ್ನೂ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ. ಅಂಗೈಯ ಕೆಳಗೆ ಅವಳ ಬೆನ್ನು ಗಡಗಡ ಕುಲುಕತೊಡಗಿತು. ಅವನು ಕೈ ತೆಗೆಯದೆ ಇನ್ನೊಂದು ಸಲ ಮೊದಲಿನಿಂದ ಹೇಳಿದ.